ಬ್ರಷ್ ಕಟ್ಟರ್‌ಗೆ ಯಾವ ಪೆಟ್ರೋಲ್ ಹಾಕಬೇಕು, ಎಷ್ಟು ದಿನ ಇಟ್ಟುಕೊಳ್ಳಬಹುದು?

ಗೋವಾದ ಸತ್ತರಿಯ ನಿಮ್ಮ ಗೇರು ತೋಟದಲ್ಲಿ ಮಳೆಗಾಲ ಮುಗಿದ ಮೇಲೆ ಹುಲ್ಲು ಸವರಿ ಇಟ್ಟ ಟೂ-ಸ್ಟ್ರೋಕ್ ಬ್ರಷ್ ಕಟ್ಟರ್ ಈಗ ಎಷ್ಟು ಎಳೆದರೂ ಸ್ಟಾರ್ಟ್ ಆಗುತ್ತಿಲ್ಲ ಎಂದಿದ್ದೀರಿ. ಬಂಕಿಗೆ ಪದೇಪದೇ ಓಡಾಡಲಾಗದೆ ಹತ್ತು ಲೀಟರ್ ಪೆಟ್ರೋಲಿಗೆ ಒಟ್ಟಿಗೇ ಆಯಿಲ್ ಬೆರೆಸಿ ಪ್ಲಾಸ್ಟಿಕ್ ಕ್ಯಾನಿನಲ್ಲಿ ಇಟ್ಟಿದ್ದೀರಿ. ಇನ್ನು ಮುಂದೆ ದುಬಾರಿ ಪ್ರೀಮಿಯಂ ಪೆಟ್ರೋಲ್ ಹಾಕಿದರೆ ಸರಿಹೋಗುತ್ತದೆಯೇ ಎನ್ನುವುದು ನಿಮ್ಮ ಪ್ರಶ್ನೆ. ಫೋಂಡಾದಲ್ಲಿ ಇಂಥ ಯಂತ್ರಗಳ ರಿಪೇರಿಯೇ ನನ್ನ ಕೆಲಸ. ಮಳೆ ನಿಂತ ಮೇಲೆ ಕೆಲ ತಿಂಗಳು ಮೂಲೆಯಲ್ಲಿ ಕೂತು ಅಂಗಡಿಗೆ ಬರುವ ಕಟ್ಟರ್‌ಗಳಲ್ಲಿ ಬಹುಪಾಲಿನದು ಇದೇ ಕಾಯಿಲೆ. ಪೆಟ್ರೋಲಿನ ದರ್ಜೆಗಿಂತ ಅದರ ವಯಸ್ಸು ನೋಡಿ.

ಈಗ ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್ ಇ20, ಅಂದರೆ 20% ಎಥೆನಾಲ್ (ಒಂದು ಬಗೆಯ ಮದ್ಯಸಾರ) ಬೆರೆತದ್ದು. 2030ಕ್ಕೆಂದು ಇಟ್ಟುಕೊಂಡಿದ್ದ ಗುರಿಯನ್ನು ಸರ್ಕಾರ 2025ಕ್ಕೇ ಎಳೆದು ತಂದಿತು. ಆದರೆ ಸಣ್ಣ ಇಂಜಿನ್‌ಗಳ ಮ್ಯಾನುಯಲ್ ತೆಗೆದು ನೋಡಿದರೆ ಹೆಚ್ಚಿನವುಗಳಲ್ಲಿ 10% ಮೀರಬಾರದು ಎಂದೇ ಇರುತ್ತದೆ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ಗಾಳಿಯ ತೇವದಿಂದ ಇದು ನಿಧಾನಕ್ಕೆ ಆಗುವ ಕೆಲಸ. ಸಡಿಲ ಮುಚ್ಚಳದ ಸಂದಿಯಿಂದ ನಮ್ಮ ಗೋವಾದ ಮಳೆ ಇಳಿದರೆ ತಡವೇ ಇಲ್ಲ. ಒಂದು ಮಿತಿ ದಾಟಿದೊಡನೆ ಎಥೆನಾಲೂ ನೀರೂ ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಕೂರುತ್ತವೆ, ಇಂಜಿನ್ ಒಳಗಿನ ತಿಕ್ಕಾಟ ತಪ್ಪಿಸಲು ನೀವು ಬೆರೆಸಿದ 2ಟಿ (ಟೂ-ಸ್ಟ್ರೋಕ್) ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನೊಳಗಿನ ಫಿಲ್ಟರ್ ಬಿದ್ದಿರುವುದು ತಳದಲ್ಲಿ. ಹಾಗಾಗಿ ಇಂಜಿನ್ ಎಳೆದುಕೊಳ್ಳುವುದು ಆಯಿಲ್ ಇಲ್ಲದ ಆ ಪದರವನ್ನೇ. ಸ್ಟಾರ್ಟ್ ಆಗದಿದ್ದರೆ ನಿಮ್ಮ ಪುಣ್ಯ. ಹೇಗೋ ಸ್ಟಾರ್ಟ್ ಆಗಿ ಓಡಿದರೆ ಪಿಸ್ಟನ್ ಗೀಚಿಹೋಗಿ ಇಂಜಿನ್ ಸೀಜ್ ಆಗುತ್ತದೆ, ಅಂದರೆ ಬಿಗಿದು ನಿಂತುಬಿಡುತ್ತದೆ. ಆಮೇಲೆ ಹೊಸ ಸಿಲಿಂಡರ್ ಕಿಟ್ಟೇ ಗತಿ.

ಪ್ರೀಮಿಯಂ ಅಂದಮಾತ್ರಕ್ಕೆ ಎಥೆನಾಲ್ ಇಲ್ಲ ಎಂದಲ್ಲ. 95 ಆಕ್ಟೇನ್‌ನ ಪ್ರೀಮಿಯಂ ಪೆಟ್ರೋಲಿಗೆ ಹೆಚ್ಚು ದುಡ್ಡು ಕೊಟ್ಟರೆ ಈ ಯಂತ್ರಕ್ಕೆ ಏನೂ ಲಾಭವಿಲ್ಲ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100 ಎಥೆನಾಲ್ ಬೆರೆಸದ ಪೆಟ್ರೋಲ್, ಬೆಲೆ ತುಂಬಾ ಜಾಸ್ತಿ, ಎಲ್ಲ ಬಂಕಿನಲ್ಲೂ ಸಿಗುವುದಿಲ್ಲ. ಪುಣೆ, ಮುಂಬೈ ಕಡೆ ಹೋಗಿಬರುವವರು ತಂದುಕೊಡಲೇ ಎಂದರೆ ಬೇಡ ಅನ್ನಿ, ಬಸ್ಸಿನಲ್ಲಿ, ರೈಲಿನಲ್ಲಿ ಪೆಟ್ರೋಲ್ ತರುವುದು ಅಪರಾಧ.

ಅನುಮಾನವಿದ್ದರೆ ಪರೀಕ್ಷೆ ಸುಲಭ. ಬಯಲಿನಲ್ಲಿ, ಬೆಂಕಿಯಿಂದ ದೂರ, ಉದ್ದನೆಯ ಗಾಜಿನ ಬಾಟಲಿಗೆ 50 ಮಿ.ಲೀ. ನೀರು ಹಾಕಿ ಪೆನ್ನಿನಿಂದ ಗೆರೆ ಎಳೆಯಿರಿ. ಮೇಲೆ 100 ಮಿ.ಲೀ. ಪೆಟ್ರೋಲ್ ಸುರಿದು ಮುಚ್ಚಳ ಬಿಗಿದು ಅಲ್ಲಾಡಿಸಿ ಬಿಡಿ. ಪೆಟ್ರೋಲ್ ತಿಳಿಯಾಗಿ ಮೇಲೆ ನಿಲ್ಲುತ್ತದೆ. ಎಥೆನಾಲ್ ಇದ್ದರೆ ಅದು ನೀರಿಗೆ ಸೇರಿ ಕೆಳಗಿನ ಪದರ ಗೆರೆ ದಾಟಿ ಏರಿರುತ್ತದೆ. ಇ20 ಆದರೆ ಹೆಚ್ಚುಕಡಿಮೆ 70 ಮಿ.ಲೀ.ಗೆ ಬರುತ್ತದೆ. ಆ ಪೆಟ್ರೋಲನ್ನು ಮತ್ತೆ ಟ್ಯಾಂಕಿಗೆ ಹಾಕಬೇಡಿ.

ನನ್ನ ಸಲಹೆ ಇಷ್ಟೇ: ಮ್ಯಾನುಯಲ್ 10% ಎಂದರೂ ಎಥೆನಾಲ್ ಇಲ್ಲದ ಪೆಟ್ರೋಲ್ ಸುಲಭಕ್ಕೆ ಸಿಗದ ಕಾರಣ ಸಾಮಾನ್ಯ ಪೆಟ್ರೋಲೇ ಹಾಕಿ, ಆದರೆ ತಾಜಾ ಇರಲಿ. ಒಂದೆರಡು ವಾರಕ್ಕೆ ಬೇಕಾದಷ್ಟೇ ಬೆರೆಸಿ, ಕ್ಯಾನಿನ ಮೇಲೆ ಮಾರ್ಕರ್‌ನಲ್ಲಿ ತಾರೀಖು ಬರೆಯಿರಿ, ತಿಂಗಳು ದಾಟಿದ ಮಿಶ್ರಣವನ್ನು ಬಳಸಬೇಡಿ. ಬೆರೆಸದ ಪೆಟ್ರೋಲ್ ಉಳಿದರೆ ಹಳೆಯದಾಗುವ ಮೊದಲೇ ಬೈಕಿಗೆ ಹಾಕಿಬಿಡಿ. ಆಯಿಲ್ ಪ್ರಮಾಣಕ್ಕೆ ಮ್ಯಾನುಯಲ್ ಹೇಳಿದ್ದೇ ಅಂತಿಮ: 50:1 ಅಂದರೆ ಲೀಟರಿಗೆ 20 ಮಿ.ಲೀ., 25:1 ಅಂದರೆ 40. ಡಬ್ಬಿಯ ಮೇಲೆ ಜಾಸೋ ಎಫ್‌ಡಿ (JASO FD, ಟೂ-ಸ್ಟ್ರೋಕ್ ಆಯಿಲ್‌ನ ಗುಣಮಟ್ಟದ ಗುರುತು) ಎಂದಿರುವ ಆಯಿಲ್ ಕೊಳ್ಳಿ. ದೋಣಿಯ ಇಂಜಿನ್‌ಗೆಂದು ಮಾರುವ ಟಿಸಿ-ಡಬ್ಲ್ಯೂ3 ಗಾಳಿಯಿಂದ ತಣಿಯುವ ಈ ಇಂಜಿನ್‌ಗಳಿಗೆ ಆಗದು. ನೆರೆಯವರ ಫೋರ್-ಸ್ಟ್ರೋಕ್ ಯಂತ್ರಕ್ಕೆ ನಿಮ್ಮ ಮಿಶ್ರಣ ಕೊಡಬೇಡಿ, ಅದಕ್ಕೆ ಬರೀ ಪೆಟ್ರೋಲ್.

ಪ್ಲಾಸ್ಟಿಕ್ ಕ್ಯಾನನ್ನು ಇಂದೇ ಬಿಡಿ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲನ್ನು 30 ಲೀಟರ್ ತನಕ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು, ಆದರೆ ಬಿಗಿ ಮುಚ್ಚಳದ ಲೋಹದ ಪಾತ್ರೆಯಲ್ಲಿ. ಗಾಜಿನದಾದರೆ ಒಂದು ಲೀಟರ್ ಮೀರಬಾರದು. ನೆರಳಲ್ಲಿ, ಗಾಳಿಯಾಡುವ ಕೊಟ್ಟಿಗೆಯಲ್ಲಿಡಿ, ಮನೆಯೊಳಗೆ ಬೇಡ. ತುಂಬಿಸುವಾಗ ಕ್ಯಾನ್ ನೆಲದ ಮೇಲಿರಲಿ. ಕೆಲಸದ ನಡುವೆ ಟ್ಯಾಂಕ್ ತುಂಬಿಸಬೇಕಾದರೆ ಇಂಜಿನ್ ನಿಲ್ಲಿಸಿ ತಣಿಯಲು ಬಿಡಿ, ಸ್ಟಾರ್ಟ್ ಮಾಡುವ ಮೊದಲು ತುಂಬಿಸಿದ ಜಾಗದಿಂದ ಮೂರು ಮೀಟರಾದರೂ ದೂರ ಬನ್ನಿ. ಬೇಸಿಗೆಯಲ್ಲಿ ಗೇರು ಮರದಡಿ ಒಣ ಎಲೆ ಮಂಡಿಯುದ್ದ ಬಿದ್ದಿರುತ್ತದೆ, ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ.

ಈಗ ನಿಮ್ಮ ಯಂತ್ರದ ವಿಷಯ. ಟ್ಯಾಂಕಿನಲ್ಲಿರುವುದನ್ನೆಲ್ಲ ಗಾಜಿನ ಬಾಟಲಿಗೆ ಸುರಿದು ಅರ್ಧ ಗಂಟೆ ಬಿಡಿ, ತಳದಲ್ಲಿ ಬೇರೆ ಪದರ ಕಂಡರೆ ಕಾರಣ ಸಿಕ್ಕಿತು. ಫಿಲ್ಟರ್ ಬದಲಿಸಿ, ಪೈಪ್ ಬಿರುಕು ಬಿಟ್ಟಿದೆಯೇ ನೋಡಿ, ಪ್ಲಗ್ ಒರೆಸಿ, ಹೊಸ ಮಿಶ್ರಣ ಹಾಕಿ ಪ್ರೈಮರ್ (ಕಾರ್ಬುರೇಟರ್‌ಗೆ ಪೆಟ್ರೋಲ್ ತುಂಬಿಸುವ ಮೆತ್ತನೆಯ ಗುಂಡಿ) ಒತ್ತಿ ಹಗ್ಗ ಎಳೆಯಿರಿ. ಆಗಲೂ ಆಗದಿದ್ದರೆ ಕಾರ್ಬುರೇಟರ್‌ನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಗಟ್ಟಿಯಾಗಿರಬಹುದು, ಮೆಕ್ಯಾನಿಕ್ ಹತ್ತಿರ ಅದರ ಕಿಟ್ ಹಾಕಿಸಿ. ಮುಂದಿನ ಸಲ ಎತ್ತಿಡುವ ಮುಂಚೆ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಮುಗಿದು ತಾನಾಗಿ ನಿಲ್ಲುವ ತನಕ ಐಡಲ್‌ನಲ್ಲಿ ಓಡಿಸಿ.