ಟೇಲರ್ ಸಾಹೇಬರು ಒಳ್ಳೆಯವರೇ, ಮಾಸ್ತರರೇ

ಸುರಪುರ ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: ‘ಹೋದ ಸಂಚಿಕೆಯಲ್ಲಿ ವಿದೇಶಿ ನೆರವನ್ನು ಪ್ರಶ್ನಿಸಿ ನೀವು ಬರೆದದ್ದು ಓದಿ ಬೇಸರವಾಯಿತು. ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು. ನಮ್ಮೂರಿಗೆ ಟೇಲರ್ ಸಾಹೇಬರು ಮಾಡಿದ್ದನ್ನು ಮರೆತಿರಾ? ಈಗ ಹೊರದೇಶದ ಹಣ ಪಡೆಯುವ ಸಂಸ್ಥೆಯೊಂದು ನಮ್ಮಲ್ಲಿ ವಾಚನಾಲಯ ಕಟ್ಟಿಸುತ್ತೇವೆ ಅನ್ನುತ್ತಿದೆ. ಬೇಡ ಅನ್ನಬೇಕೇ?’

ಮಾಸ್ತರರೇ, ಶರಣು.

ಬೇಡ ಅನ್ನಬೇಡಿ. ವಾಚನಾಲಯ ಆಗಲಿ. ಆದರೆ ಟೇಲರ್ ಹೆಸರು ತೆಗೆದಿದ್ದೀರಿ, ಅಲ್ಲಿಂದಲೇ ಶುರು ಮಾಡೋಣ.

ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದಾಗ ರಾಜಾ ವೆಂಕಟಪ್ಪ ನಾಯಕ ಇನ್ನೂ ಚಿಕ್ಕ ಹುಡುಗ. 1853ರವರೆಗೆ ಟೇಲರ್ ಅಲ್ಲೇ ಇದ್ದರು. ರಸ್ತೆ, ಕೆರೆ, ಕಂದಾಯ ಎಲ್ಲಕ್ಕೂ ಗಮನ ಕೊಟ್ಟರು. ರಾಜ ಅವರನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಅವರಿದ್ದ ಬಂಗಲೆ ಟೇಲರ್ ಮಂಜಿಲ್ ನೋಡಲು ಇವತ್ತಿಗೂ ಜನ ಹೋಗುತ್ತಾರೆ. ಇದನ್ನೆಲ್ಲ ನಾನು ಅಲ್ಲಗಳೆಯುವುದಿಲ್ಲ.

ಆದರೆ ಟೇಲರ್ ಲೆಕ್ಕ ಒಪ್ಪಿಸುತ್ತಿದ್ದದ್ದು ಸುರಪುರದ ರೈತರಿಗಲ್ಲ, ಹೈದರಾಬಾದಿನಲ್ಲಿದ್ದ ಇಂಗ್ಲಿಷರ ಪ್ರತಿನಿಧಿ ರೆಸಿಡೆಂಟರಿಗೆ. ಅವರು ಬರಲಿ, ಹೋಗಲಿ, ಊರಿನವರನ್ನು ಯಾರೂ ಕೇಳಲಿಲ್ಲ. 1858ರಲ್ಲಿ ರಾಜ ಬಂಡೆದ್ದು ಸೆರೆಯಾದಾಗ ಅವನ ಪರ ಮಾತಾಡಿದವರೂ ಟೇಲರೇ. ಶಿಕ್ಷೆ ಏನೋ ಇಳಿಯಿತು, ರಾಜ ಉಳಿಯಲಿಲ್ಲ. 1860ರಲ್ಲಿ ಸಂಸ್ಥಾನವನ್ನು ಇಂಗ್ಲಿಷರು ನಿಜಾಮರಿಗೆ ಕೊಟ್ಟುಬಿಟ್ಟರು. ಒಬ್ಬ ಮನುಷ್ಯನ ಒಳ್ಳೆಯತನದಿಂದ ಆಗಬಹುದಾದದ್ದು ಅಷ್ಟೇ.

ಅದೇ ಕಾಲದ ಇನ್ನೊಂದು ಲೆಕ್ಕ ನೋಡಿ. ನಿಜಾಮರ ರಕ್ಷಣೆಗೆ ಅಂತ ಹೈದರಾಬಾದ್ ಕಂಟಿಂಜೆಂಟ್ ಎಂಬ ಪಡೆ ಇತ್ತು. ಸಂಬಳ ನಿಜಾಮರದ್ದು, ಅಧಿಕಾರಿಗಳು ಇಂಗ್ಲಿಷರು. ಬಾಕಿ ಬೆಳೆದು ಸಾಲವಾಯಿತು. 1853ರಲ್ಲಿ ಬೇರಾರ್ (ಇಂದಿನ ಮಹಾರಾಷ್ಟ್ರದ ವಿದರ್ಭದ ಭಾಗ) ಜೊತೆಗೆ ನಮ್ಮ ರಾಯಚೂರು ಸೀಮೆಯೂ ಕಂಪನಿಯ ಕೈಗೆ ಹೋಯಿತು. ರಾಯಚೂರು ಏಳು ವರ್ಷಕ್ಕೆ ವಾಪಸ್ ಬಂತು, ಬೇರಾರ್ ಬರಲೇ ಇಲ್ಲ. ಇದೂ ಸಹಾಯವೇ ಅಲ್ವಾ?

ಅದೆಲ್ಲ ಹಳೇ ಕಥೆ ಅನ್ನಬಹುದು. ಸರಿ, ಯಾದಗಿರಿ ಜಿಲ್ಲೆಯ ಒಂದು ತಾಂಡಾದಲ್ಲಿ ನಾನು ಕಂಡದ್ದು ಹೇಳುತ್ತೇನೆ. ಹಣ ಕೊಡುವವರ ವರ್ಷ ಡಿಸೆಂಬರಿಗೆ ಮುಗಿಯುತ್ತದೆ. ಅಷ್ಟರೊಳಗೆ ಖರ್ಚಾಗದ ಹಣ ವಾಪಸ್. ಹಾಗಾಗಿ ಮಹಿಳೆಯರ ತರಬೇತಿ ಇಟ್ಟದ್ದು ಡಿಸೆಂಬರ್ ಕೊನೆಗೆ. ಅದು ತೊಗರಿ ಕೊಯ್ಲಿನ ಹೊತ್ತು. ಎಷ್ಟೋ ಮನೆಗಳವರು ಆಗಲೇ ಪುಣೆ, ಮುಂಬಯಿಗೆ ಗುಳೆ ಹೋಗಿದ್ದರು. ಉಳಿದ ಹೆಂಗಸರು ಅವತ್ತಿನ ಕೂಲಿ ಬಿಟ್ಟು ಹೊಲದಿಂದಲೇ ಬಂದರು. ಹಾಜರಿ ಪಟ್ಟಿಗೆ ಸಹಿ, ಹೆಬ್ಬೆಟ್ಟು ಆಯಿತು. ಬ್ಯಾನರ್ ಮುಂದೆ ಫೋಟೋ ಆಯಿತು. ಫೋಟೋ ಮುಗಿದದ್ದೇ ತಡ, ನಾಲ್ಕೈದು ಜನ ಎದ್ದು ಹೊಲಕ್ಕೆ ನಡೆದರು. ಫೀಲ್ಡಿನಲ್ಲಿ ಕೆಲಸ ಮಾಡುವ ಹುಡುಗ ಈ ಕಡೆಯವನೇ. ‘ಯುಗಾದಿಗೆ ಎಲ್ಲಾರೂ ಊರಿಗೆ ಬರ್ತಾರ ಸರ, ಆವಾಗ ಇಡ್ರಿ ಅಂತ ಬರದಿದ್ದೆ. ಉತ್ತರಾನೇ ಬರಲಿಲ್ಲ’ ಅಂದ. ಆ ದಿನದ ವರದಿಯನ್ನು ರಾತ್ರಿ ಕೂತು ಇಂಗ್ಲಿಷಿನಲ್ಲಿ ತುಂಬಬೇಕಾದವನೂ ಅವನೇ.

ಅಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಯಾವ ತಿಂಗಳು ಅಂತ ನಿರ್ಧರಿಸುವ ಅಧಿಕಾರ ಮಾತ್ರ ತಾಂಡಾದಲ್ಲಿ ಇರಲಿಲ್ಲ.

ದೊಡ್ಡ ಮಟ್ಟದಲ್ಲೂ ಇದೇ ಕಥೆ. 2016ರಲ್ಲಿ ಇಸ್ತಾಂಬುಲ್‌ನಲ್ಲಿ ಸೇರಿದ ದೊಡ್ಡ ದಾನಿಗಳು, 2020ರೊಳಗೆ ತುರ್ತು ನೆರವಿನ ಶೇ. 25ರಷ್ಟನ್ನಾದರೂ ಆದಷ್ಟು ನೇರವಾಗಿ ಸ್ಥಳೀಯರ ಕೈಗೇ ಕೊಡುತ್ತೇವೆ ಅಂದರು. ಗುರಿಯ ಹತ್ತಿರವೂ ಹೋಗಲಿಲ್ಲ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವಿಗೆ ತಡೆ ಹಾಕಿತು. ನಮ್ಮ ಪಕ್ಕದ ಹೈದರಾಬಾದಿನಲ್ಲಿ, ಲಿಂಗತ್ವ ಅಲ್ಪಸಂಖ್ಯಾತರಿಗೆಂದು ಆ ನೆರವಿನಿಂದಲೇ 2021ರಲ್ಲಿ ತೆರೆದಿದ್ದ ‘ಮಿತ್ರ್’ ಕ್ಲಿನಿಕ್ ಕೆಲವೇ ವಾರಗಳಲ್ಲಿ ಬಾಗಿಲು ಹಾಕಿತು. ಅಲ್ಲಿ ಔಷಧಿಗೆ ಬರುತ್ತಿದ್ದವರನ್ನು ಯಾರು ಕೇಳಿದ್ದರು?

ಬಿಳಿಯರನ್ನಷ್ಟೇ ಬೈದರೆ ಸುಮ್ನೆ ಜಾರಿಕೊಂಡ ಹಾಗಾಗುತ್ತದೆ. 2020ರಲ್ಲಿ ನಮ್ಮ ಕೇಂದ್ರ ಸರ್ಕಾರವೇ ವಿದೇಶಿ ದೇಣಿಗೆಯ ಕಾನೂನು ತಿದ್ದಿತು. ವಿದೇಶಿ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ದುರುಪಯೋಗ ತಡೆಯಲು ಅಂದರು. ಆದರೆ ಶಹಾಪುರದಲ್ಲೋ ಚಿಂಚೋಳಿಯಲ್ಲೋ ಇರುವ ಸಣ್ಣ ಸಂಘಕ್ಕೆ ದೊಡ್ಡವರ ಮೂಲಕ ಬರುತ್ತಿದ್ದ ದುಡ್ಡಿನ ದಾರಿ ಮುಚ್ಚಿತು. ಬೆಂಗಳೂರಿನ ದೊಡ್ಡ ಕಚೇರಿಗಳ ಕೈ ಇನ್ನಷ್ಟು ಮೇಲಾಯಿತು. ಅಲ್ಲಿಂದ ಬರುವವರೂ ನಮ್ಮನ್ನು ಮಾತಾಡಿಸುವ ಧಾಟಿ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ!

ಇನ್ನು ನಿಮ್ಮ ವಾಚನಾಲಯ. ಬಜೆಟ್ಟನ್ನು ಕನ್ನಡದಲ್ಲಿ ಬರೆದು ಗ್ರಾಮಸಭೆಯಲ್ಲಿ ಓದಿ ಅನ್ನಿ. ಪುಸ್ತಕ ಆರಿಸುವವರು ಯಾರು ಅಂತ ಕೇಳಿ. ಯೋಜನೆ ಮುಗಿದ ಮೇಲೆ ಕರೆಂಟ್ ಬಿಲ್ಲು, ಗ್ರಂಥಪಾಲಕರ ಸಂಬಳ ಯಾರದ್ದು? ಕೆಲಸ ಸರಿ ಬರದಿದ್ದರೆ ನೀವು ದೂರು ಕೊಡಬೇಕಾದದ್ದು ಯಾರಿಗೆ? ಕಲಬುರಗಿಯಲ್ಲೇ ಇರುವವರಿಗೋ, ಸಮುದ್ರದ ಆಚೆ ಇರುವವರಿಗೋ? ಇವನ್ನು ಕೇಳಿದ್ದಕ್ಕೆ ಅವರು ಮುನಿಸಿಕೊಂಡರೆ ಆಗ ಯೋಚನೆ ಮಾಡಿ. ಏನು ಹೇಳಿದರು ಅಂತ ನಮಗೂ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.

– ಸಂ.