ಕಾಫಿ ಕಟ್ಟೆ: ಎರಡು ಲೋಟ ಜೊತೆಗಿಟ್ಟು ಕುಡಿದು ನೋಡಿ

ಸ್ಪೆಷಾಲಿಟಿ ಕಾಫಿ, ಅಂದರೆ ದೋಷವಿಲ್ಲದಂತೆ ಆರಿಸಿ, ಕುಡಿದು ನೋಡಿ ಒಳ್ಳೆಯ ಅಂಕ ಕೊಟ್ಟ ಕಾಫಿಯ ಬಗ್ಗೆ ಈ ಸಲ ಕಾಗದಗಳು ಜಾಸ್ತಿ ಬಂದಿವೆ. ನಾನು ಚಿಕ್ಕಮಗಳೂರಿನಲ್ಲಿ ಒಣಗಿದ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಒಂದು ಕ್ಯೂರಿಂಗ್ ವರ್ಕ್ಸ್‌ನ ಟೇಸ್ಟಿಂಗ್ ರೂಮಿನಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಫಿ ಹೀರಿ, ಉಗಿದು, ಬರೆದಿಡುವುದೇ ನನ್ನ ಕೆಲಸವಾಗಿತ್ತು. ಅಲ್ಲಿ ಕಲಿತದ್ದರಲ್ಲಿ ಮನೆಯಲ್ಲಿ ಮಾಡಿ ನೋಡಬಹುದಾದದ್ದನ್ನೇ ಇಲ್ಲಿ ಹೇಳುತ್ತೇನೆ.

ಪ್ರಶ್ನೆ: ಮೇಡಂ, ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಯುಗಾದಿಗೆ ಬಂದಾಗ ಕಾಲು ಕಿಲೋ ಸ್ಪೆಷಾಲಿಟಿ ಕಾಫಿ ಪುಡಿ ತಂದಳು. 600 ರೂಪಾಯಿ ಅಂತೆ. ಪ್ಯಾಕೆಟ್ ಮೇಲೆ ಕಿತ್ತಳೆ, ಬೆಲ್ಲ, ಮಲ್ಲಿಗೆ ಎಂದು ಬರೆದಿದೆ. ಫ್ರೆಂಚ್ ಪ್ರೆಸ್‌ಗೆ ಪುಡಿ ಮಾಡಿದ್ದು ಎಂದೂ ಇದೆ. ನಮ್ಮ ಸ್ಟೀಲ್ ಫಿಲ್ಟರಿಗೆ ಹಾಕಿ, ಹಾಲು ಸಕ್ಕರೆ ಬೆರೆಸಿ ಕುಡಿದೆವು. ನೀರು ನೀರಾಗಿತ್ತು, ಸ್ವಲ್ಪ ಹುಳಿ ಬೇರೆ. ಕಿತ್ತಳೆಯೂ ಇಲ್ಲ, ಮಲ್ಲಿಗೆಯೂ ಇಲ್ಲ. ಮೊದಲಿನಿಂದ ಚಿಕೋರಿ ಬೆರೆತ ಕಾಫಿ ಕುಡಿದ ನಾಲಿಗೆ ನಮ್ಮದು. ಈ ವಯಸ್ಸಿನಲ್ಲಿ ಹೊಸ ರುಚಿ ಹತ್ತುತ್ತಾ?
ನಿವೃತ್ತ ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ಖಂಡಿತ ಹತ್ತುತ್ತೆ. ನಿಮ್ಮ ನಾಲಿಗೆಯಲ್ಲಿ ಯಾವ ದೋಷವೂ ಇಲ್ಲ. ಫ್ರೆಂಚ್ ಪ್ರೆಸ್ ಅಂದರೆ ಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿ, ಜಾಲರಿಯಿಂದ ಕೆಳಗೆ ಒತ್ತುವ ಪಾತ್ರೆ. ಅದರ ಪುಡಿ ತರಿತರಿ ಇರುತ್ತದೆ. ಅದನ್ನು ನಮ್ಮ ಫಿಲ್ಟರಿಗೆ ಹಾಕಿದರೆ ಬಿಸಿನೀರು ನಿಲ್ಲದೆ ಸರ್ರನೆ ಇಳಿದು ಹೋಗುತ್ತದೆ. ಮಾಮೂಲಿ ಪುಡಿ ನುಣ್ಣಗಿರುತ್ತದೆ, ಅದರಲ್ಲಿರುವ ಚಿಕೋರಿ ನೀರನ್ನು ಹಿಡಿದು ನಿಲ್ಲಿಸುತ್ತದೆ. ಅದಕ್ಕೇ ಆ ಡಿಕಾಕ್ಷನ್ ಕಪ್ಪಗೆ, ಗಟ್ಟಿಯಾಗಿ ಬರುತ್ತದೆ. ಚಿಕೋರಿ ಒಂದು ಗಿಡದ ಬೇರು. ಅದನ್ನು ಹುರಿದು ಪುಡಿ ಮಾಡಿ ಸೇರಿಸುತ್ತಾರೆ. ನಮ್ಮ ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ 51 ಶೇಕಡಾ ಇದ್ದರೂ ಸಾಕು. ನಿಮ್ಮ ಮನೆಯ ಪ್ಯಾಕೆಟ್ ತಿರುಗಿಸಿ ನೋಡಿ, ಎಷ್ಟು ಕಾಫಿ ಎಷ್ಟು ಚಿಕೋರಿ ಅಂತ ಅದರ ಮೇಲೆ ಬರೆದಿರಲೇಬೇಕು.

ಇನ್ನು ಕಿತ್ತಳೆ, ಮಲ್ಲಿಗೆಯ ವಿಚಾರ. ಅದನ್ನು ಯಾರೂ ಹಾಕಿಲ್ಲ. ಬೀಜದಲ್ಲೇ ಇರುವ ಹುಳಿ, ಸಿಹಿ ಮತ್ತು ಹುರಿಯುವಾಗ ಹುಟ್ಟುವ ಪರಿಮಳ ಸೇರಿ ಹಾಗೆ ನೆನಪಿಸುತ್ತವೆ. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಕಹಿ, ಉಪ್ಪಿನಂಥ ಕೆಲವೇ ರುಚಿಗಳು. ಮಲ್ಲಿಗೆಯನ್ನು ಹಿಡಿಯುವುದು ಮೂಗು. ಮೂಗು ಬಿಗಿಯಾಗಿ ಮುಚ್ಚಿಕೊಂಡು ಒಂದು ಗುಟುಕು ಕಾಫಿ ಬಾಯಲ್ಲಿಡಿ. ಬರೀ ಕಹಿ, ಹುಳಿ ಅಷ್ಟೇ ಗೊತ್ತಾಗುತ್ತದೆ. ನುಂಗಿದ ಕೂಡಲೇ ಮೂಗು ಬಿಡಿ. ಗಂಟಲ ಹಿಂದಿನಿಂದ ಪರಿಮಳ ಮೇಲೆ ಏರುತ್ತದೆ. ಹಾಲು, ಸಕ್ಕರೆ ಜಾಸ್ತಿ ಇದ್ದರೆ ಈ ಸಣ್ಣ ಪರಿಮಳವೆಲ್ಲ ಅದರಡಿ ಅಡಗಿ ಹೋಗುತ್ತದೆ.

ರುಚಿ ಕಲಿಯಲು ನನಗೆ ಗೊತ್ತಿರುವ ದಾರಿ ಒಂದೇ. ಎರಡು ಕಾಫಿಯನ್ನು ಅಕ್ಕಪಕ್ಕ ಇಟ್ಟು ಕುಡಿಯಬೇಕು. ಒಂದನ್ನೇ ಕುಡಿದರೆ ‘ಚೆನ್ನಾಗಿದೆ’ ಅನ್ನುತ್ತೇವೆ, ಇಲ್ಲವೇ ‘ಚೆನ್ನಾಗಿಲ್ಲ’ ಅನ್ನುತ್ತೇವೆ. ಅಲ್ಲಿಗೆ ಮುಗಿಯಿತು. ಜೊತೆಯಲ್ಲಿ ಇನ್ನೊಂದಿದ್ದರೆ ‘ಇದು ಹುಳಿ, ಅದು ಮಂದ’ ಎಂದು ಬಾಯಿಗೆ ತಾನಾಗಿ ಮಾತು ಬರುತ್ತದೆ.

ನಿಮ್ಮೂರಿನ ಕಾಫಿ ಪುಡಿ ಅಂಗಡಿಯಲ್ಲಿ ಚಿಕೋರಿ ಇಲ್ಲದ ಪುಡಿಯನ್ನು 50 ಗ್ರಾಂ ತನ್ನಿ. ತರಿಯಾಗಿ ಬೀಸಿಕೊಡಿ ಎಂದು ಹೇಳಿ. ಎರಡು ಗಾಜಿನ ಲೋಟ ಇಡಿ. ಒಂದಕ್ಕೆ ಮಗಳು ತಂದ ಪುಡಿ, ಇನ್ನೊಂದಕ್ಕೆ ಇದು. ಟೇಸ್ಟಿಂಗ್ ರೂಮಿನ ಲೆಕ್ಕ 150 ಮಿಲಿ ನೀರಿಗೆ 8.25 ಗ್ರಾಂ. ತೂಕದ ಯಂತ್ರ ಇಲ್ಲದಿದ್ದರೆ ಎರಡರಲ್ಲೂ ಒಂದೇ ಅಳತೆ ಇದ್ದರೆ ಸಾಕು. ನೀರು ಕುದಿಸಿ, ಒಲೆ ಆರಿಸಿ, ಅರ್ಧ ನಿಮಿಷ ಬಿಟ್ಟು ಎರಡಕ್ಕೂ ಸುರಿಯಿರಿ. ಕಲಕಬೇಡಿ. ಪುಡಿ ಮೇಲೆ ಬಂದು ಕೆನೆ ಕಟ್ಟುತ್ತದೆ.

4 ನಿಮಿಷ ಆದ ಮೇಲೆ ಮೂಗನ್ನು ಲೋಟಕ್ಕೆ ತಾಗುವ ಹಾಗೆ ಬಗ್ಗಿಸಿ, ಚಮಚದ ಹಿಂಬದಿಯಿಂದ ಆ ಕೆನೆ ಒಡೆಯಿರಿ. ಆ ಒಂದು ಕ್ಷಣದಲ್ಲಿ ಬರುವ ಪರಿಮಳ ಮತ್ತೆ ಬರುವುದಿಲ್ಲ. ನನಗೆ ಇಡೀ ಕೆಲಸದಲ್ಲಿ ತುಂಬ ಇಷ್ಟವಾಗುತ್ತಿದ್ದದ್ದು ಅದೇ. ಆಮೇಲೆ ಮೇಲಿನ ನೊರೆ, ಪುಡಿ ತೆಗೆದುಹಾಕಿ. ಚರಟ ತಳಕ್ಕೆ ಕೂರಲಿ. ಇನ್ನೊಂದು ಐದಾರು ನಿಮಿಷ ಕಾಯಿರಿ.

ಚಮಚದಲ್ಲಿ ತೆಗೆದುಕೊಂಡು ಸೊರ್ ಎಂದು ಜೋರಾಗಿ ಎಳೆಯಿರಿ. ಮನೆಯವರು ನಕ್ಕರೆ ನಗಲಿ. ಹಾಗೆ ಎಳೆದಾಗಲೇ ಕಾಫಿ ಬಾಯಿಯೆಲ್ಲ ಹರಡಿ ಮೂಗಿನವರೆಗೆ ಹೋಗುವುದು. ಎರಡು ಸಲ ಇದರಿಂದ, ಎರಡು ಸಲ ಅದರಿಂದ. ಪೂರ್ತಿ ಆರುವ ತನಕ ಆಗಾಗ ಬಂದು ಕುಡಿದು ನೋಡಿ. ಸುಡುವ ಕಾಫಿಯಲ್ಲಿ ನಾಲಿಗೆಗೆ ಬಿಸಿ ಬಿಟ್ಟು ಬೇರೇನೂ ಸರಿಯಾಗಿ ತಿಳಿಯುವುದಿಲ್ಲ. ಉಗುರುಬೆಚ್ಚಗೆ ಆದಾಗ ಸಿಹಿ, ಹುಳಿ ಎದ್ದು ಕಾಣುತ್ತದೆ. ಒಳ್ಳೆಯ ಕಾಫಿ ಆರಿದ ಮೇಲೂ ಕುಡಿಯುವ ಹಾಗಿರುತ್ತದೆ. ಕಳಪೆಯದು ಆರುತ್ತಿದ್ದಂತೆ ಬಾಯಿ ಒಗರು ಮಾಡುತ್ತದೆ.

ಅನಿಸಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಪ್ಯಾಕೆಟ್ ಮೇಲೆ ಬ್ಲೂಬೆರಿ ಎಂದಿದ್ದರೆ ನೀವೂ ಬ್ಲೂಬೆರಿ ಹುಡುಕಬೇಕಿಲ್ಲ. ನಿಮಗೆ ನೇರಳೆ ಹಣ್ಣು ಅನಿಸಿದರೆ ನೇರಳೆ ಎಂದೇ ಬರೆಯಿರಿ. ಹುಣಸೆ, ಜೋನಿ ಬೆಲ್ಲ, ಹುರಿಗಡಲೆ, ಏಲಕ್ಕಿ, ನೆಲ್ಲಿಕಾಯಿ, ಗಜನಿಂಬೆ ಸಿಪ್ಪೆ ಎಲ್ಲವೂ ಕಾಫಿಯಲ್ಲಿ ಸಿಗುತ್ತವೆ. ಚಿಕ್ಕಂದಿನಿಂದ ಮೂಸಿ ಬೆಳೆದ ವಸ್ತುಗಳ ನೆನಪೇ ನಿಮಗೆ ಗಟ್ಟಿ ಆಧಾರ.

ಮುಂದಿನ ಸಲ ಮಗಳಿಗೆ ಒಂದೇ ತೋಟದ ಎರಡು ಕಾಫಿ ತರಲು ಹೇಳಿ. ಒಂದು ವಾಶ್ಡ್, ಒಂದು ನ್ಯಾಚುರಲ್. ವಾಶ್ಡ್‌ನಲ್ಲಿ ಸಿಪ್ಪೆ ಸುಲಿದು, ಅಂಟು ತೊಳೆದು, ಆಮೇಲೆ ಒಣಗಿಸುತ್ತಾರೆ. ಅದರ ರುಚಿ ತಿಳಿ. ನ್ಯಾಚುರಲ್‌ನಲ್ಲಿ ಇಡೀ ಹಣ್ಣನ್ನೇ ಒಣಗಿಸುತ್ತಾರೆ. ಕೆಲವು ನ್ಯಾಚುರಲ್‌ಗಳಲ್ಲಿ ಹಲಸಿನ ಹಣ್ಣಿನ ವಾಸನೆ ಎಷ್ಟು ಸ್ಪಷ್ಟ ಅಂದರೆ, ಕಾಫಿಯ ರೂಢಿಯೇ ಇಲ್ಲದವರೂ ಹೇಳಿಬಿಡುತ್ತಾರೆ. ಮಣ್ಣು ಅದೇ, ನೆರಳು ಅದೇ, ಗಿಡವೂ ಅದೇ. ಒಣಗಿಸುವ ರೀತಿಯೊಂದೇ ಬೇರೆ. ಇದಕ್ಕಿಂತ ಚೆನ್ನಾದ ಮೊದಲ ಪಾಠ ನನಗಂತೂ ಕಂಡಿಲ್ಲ.

ಪ್ರಶ್ನೆ: ಪ್ಲಾಂಟೇಷನ್ ಎ, ಡಬಲ್ ಎ, ಪಿಬಿ ಅಂತ ಇರುತ್ತಲ್ಲ, ಡಬಲ್ ಎ ಅಂದ್ರೆ ಸ್ಪೆಷಾಲಿಟಿ ತಾನೇ?
ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಅಲ್ಲ. ಅದು ಬೀಜದ ಗಾತ್ರದ ಲೆಕ್ಕ. ಕಾಫಿಯ ಎರಡು ಮುಖ್ಯ ಜಾತಿ ಅರೇಬಿಕಾ, ರೋಬಸ್ಟಾ. ಪ್ಲಾಂಟೇಷನ್ ಅಂದರೆ ವಾಶ್ಡ್ ಅರೇಬಿಕಾ. ಅದನ್ನು ಜರಡಿ ಹಿಡಿದು ದಪ್ಪ ಬೀಜವನ್ನು ಡಬಲ್ ಎ, ಅದಕ್ಕಿಂತ ಸಣ್ಣದನ್ನು ಎ, ಇನ್ನೂ ಸಣ್ಣದನ್ನು ಬಿ ಎಂದು ಬೇರೆ ಮಾಡುತ್ತಾರೆ. ಪಿಬಿ ಅಂದರೆ ಪೀಬೆರಿ. ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಗುಂಡಗೆ ಬೆಳೆದದ್ದು. ಒಂದೇ ಗಾತ್ರದ ಬೀಜ ಒಂದೇ ಸಮ ಹುರಿಯುತ್ತದೆ, ನೋಡಲು ಚೆಂದ. ಆದರೆ ರುಚಿ ಗಾತ್ರದಿಂದ ಬರುವುದಿಲ್ಲ.

ಸ್ಪೆಷಾಲಿಟಿ ಅನ್ನಿಸಿಕೊಳ್ಳಲು ಎರಡು ಪರೀಕ್ಷೆ ಇದೆ. ಮೊದಲು 350 ಗ್ರಾಂ ಹಸಿ ಬೀಜ ಹರಡಿ ಆರಿಸುತ್ತಾರೆ. ಕಪ್ಪಾದದ್ದು, ಪೂರ್ತಿ ಹುಳಿ ಹಿಡಿದದ್ದು ಇಂಥ ದೊಡ್ಡ ದೋಷ ಒಂದೂ ಇರಬಾರದು. ಸಣ್ಣ ದೋಷ 5ಕ್ಕಿಂತ ಹೆಚ್ಚಿರಬಾರದು. ಆಮೇಲೆ ಕುಡಿದು ನೋಡಿ 100ಕ್ಕೆ ಅಂಕ ಹಾಕುತ್ತಾರೆ. ಹಲವು ವರ್ಷಗಳಿಂದ ನಡೆದು ಬಂದ ಗೆರೆ 80 ಅಂಕ.

ಒಂದೇ ಸ್ಯಾಂಪಲ್‌ಗೆ 5 ಕಪ್ ಇಡುವುದು ಯಾಕೆ ಗೊತ್ತಾ? ಸ್ಟಿಂಕರ್ ಅಂತ ಒಂದು ಕೆಟ್ಟ ಬೀಜ ಇರುತ್ತದೆ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ನಲ್ಲೋ ಅಂಟು ಬಿಡಿಸುವ ತೊಟ್ಟಿಯಲ್ಲೋ ಸಿಕ್ಕಿಕೊಂಡು ಕೊಳೆತದ್ದು. ಅಂಥದ್ದು ಒಂದೇ ಒಂದು ಬಿದ್ದರೂ ಆ ಕಪ್ ಬಾಯಿಗಿಡಲು ಆಗುವುದಿಲ್ಲ. ಕೊಳೆತ ಮೀನಿನಂಥ ನಾತ. ಉಳಿದ 4 ಕಪ್ ಚೆನ್ನಾಗಿದ್ದರೂ ಅಂಕ ಹೋಯಿತು.

ಪ್ರಶ್ನೆ: ಅಕ್ಕಾ, ನಮ್ಮದು 3 ಎಕರೆ ಅರೇಬಿಕಾ ತೋಟ. ಒಳ್ಳೆ ಕಾಫಿಯೆಲ್ಲ ಮಾರಿ, ಗಿಡದ ಬುಡದಲ್ಲಿ ಉದುರಿದ್ದನ್ನು ಆರಿಸಿ ಮನೆಗೆ ಇಟ್ಟುಕೊಳ್ಳುತ್ತೇವೆ. ನಮ್ಮಂಥ ಸಣ್ಣವರ ತೋಟದಲ್ಲಿ ಸ್ಪೆಷಾಲಿಟಿ ಮಾಡಲು ಆಗುತ್ತಾ?
ಬೆಳೆಗಾರ, ಮೂಡಿಗೆರೆ ತಾಲ್ಲೂಕು

ಉತ್ತರ: ನಿಮ್ಮ ಕಾಗದ ಓದಿ ಸಂಕಟವಾಯಿತು. ಮಲೆನಾಡಿನ ಎಷ್ಟೋ ಮನೆಯಲ್ಲಿ ಇದೇ ಕಥೆ. ಬೆಳೆದವರೇ ತಮ್ಮ ಬೆಳೆಯ ನಿಜವಾದ ರುಚಿ ನೋಡಿರುವುದಿಲ್ಲ. ಈ ವರ್ಷ ಮಾರಾಟದ ಮಾತು ಆಮೇಲೆ, ಮೊದಲು ಮನೆಗೆ ಅಂತಲೇ ಒಂದು ಬುಟ್ಟಿ ಮಾಡಿ.

ಒಂದೇ ಸಮ ಕೆಂಪಾದ ಹಣ್ಣನ್ನು ಮಾತ್ರ ಆರಿಸಿ ಕುಯ್ಯಿರಿ. ಹಸಿರು, ಅರೆ ಹಣ್ಣು, ಗಿಡದಲ್ಲೇ ಒಣಗಿದ್ದು ಬೇಡ. ಬಕೆಟ್ ನೀರಿಗೆ ಹಾಕಿ ತೇಲಿದ್ದನ್ನು ತೆಗೆದುಬಿಡಿ. ಅವು ಜೊಳ್ಳು. ಅದೇ ದಿನ ಪಲ್ಪ್ ಮಾಡಿ, ಒಂದು ರಾತ್ರಿ ದಾಟಿ ಅಂಟು ಬಿಡುವ ತನಕ ಇಡಿ. ಗಂಟೆಯ ಲೆಕ್ಕವನ್ನು ಪೂರ್ತಿ ನಂಬಬೇಡಿ. ಚಳಿ ಜಾಸ್ತಿ ಇದ್ದರೆ ಹೊತ್ತು ಹಿಡಿಯುತ್ತದೆ. ಒಂದು ಹಿಡಿ ಬೀಜ ತೊಳೆದು ಅಂಗೈಯಲ್ಲಿ ಉಜ್ಜಿ. ಜಾರಿದರೆ ಇನ್ನೂ ಆಗಿಲ್ಲ. ಹರಳುಕಲ್ಲಿನ ಹಾಗೆ ಗರಗರ ಅಂದರೆ ಆಯಿತು, ಕೂಡಲೇ ತೊಳೆಯಿರಿ. ಅಲ್ಲಿಂದ ಮುಂದೆ ಬಿಟ್ಟರೆ ಹುಳಿ ವಾಸನೆ ಒಳಗೆ ಇಳಿಯುತ್ತದೆ.

ಕಣದಲ್ಲಿ ರಾಶಿ ಹಾಕಬೇಡಿ. ನೆಲದಿಂದ ಎತ್ತರಕ್ಕೆ ಬಲೆ ಕಟ್ಟಿ, ತೆಳುವಾಗಿ ಹರಡಿ, ಆಗಾಗ ಕೈಯಾಡಿಸಿ. ರಾತ್ರಿ ಇಬ್ಬನಿ ಬೀಳದಂತೆ ಮುಚ್ಚಿ. ತೇವಾಂಶ 10ರಿಂದ 11 ಶೇಕಡಾಕ್ಕೆ ಇಳಿದ ಮೇಲೆ ಚೀಲಕ್ಕೆ ತುಂಬಿ. ಮೆಣಸು, ಗೊಬ್ಬರ, ಡೀಸೆಲ್ ಇರುವ ಕೋಣೆಯಲ್ಲಿ ಮಾತ್ರ ಇಡಬೇಡಿ. ಕಾಫಿ ಬೀಜ ಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ.

ಕಬ್ಬಿಣದ ಬಾಣಲೆಯಲ್ಲಿ ಸ್ವಲ್ಪ ಹುರಿದು, ಉದುರು ಕಾಫಿಯ ಪಕ್ಕದಲ್ಲಿಟ್ಟು ಮನೆಮಂದಿಗೆಲ್ಲ ಕುಡಿಸಿ. ಚೆನ್ನಾಗಿದೆ ಅನಿಸಿದರೆ ಕಾಫಿ ಬೋರ್ಡ್‌ನವರ ಹತ್ತಿರ ರುಚಿ ಪರೀಕ್ಷೆಯ ಬಗ್ಗೆ ವಿಚಾರಿಸಿ. ಬೋರ್ಡ್ ನಡೆಸುವ ಕಪ್ಪಿಂಗ್, ಅಂದರೆ ಕುಡಿದು ನೋಡಿ ಅಂಕ ಹಾಕುವ ಸ್ಪರ್ಧೆಯ ಬಗ್ಗೆಯೂ ಕೇಳಿ.

ಪ್ರಶ್ನೆ: ಸ್ಪೆಷಾಲಿಟಿ ಕಾಫಿ ಮಾತು ಬಂದರೆ ಎಲ್ಲರೂ ಅರೇಬಿಕಾ ಅರೇಬಿಕಾ ಅಂತಾರೆ. ನಾವು ಕೊಡಗಿನವರು, ರೋಬಸ್ಟಾ ಬೆಳೆಯುವವರು. ನಮ್ಮದು ಕೀಳಾ?
ಸೋಮವಾರಪೇಟೆಯಿಂದ ಒಬ್ಬ ಓದುಗರು

ಉತ್ತರ: ಕೀಳು ಅನ್ನುವವರಿಗೆ ಚೆನ್ನಾಗಿ ತೊಳೆದು ಒಣಗಿಸಿದ ರೋಬಸ್ಟಾ ಒಂದು ಕಪ್ ಕುಡಿಸಿ. ಭಾರತದ ಕಾಫಿಯಲ್ಲಿ ಹೆಚ್ಚು ಪಾಲು ರೋಬಸ್ಟಾದ್ದೇ. ಅದರಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇದೆ. ಕಹಿ ಜಾಸ್ತಿ, ಹುಳಿ ಕಡಿಮೆ. ನಮ್ಮಲ್ಲಿ ‘ಕಾಪಿ ರಾಯಲ್’ ಎಂಬ ವಾಶ್ಡ್ ರೋಬಸ್ಟಾ ಗ್ರೇಡ್ ಮೊದಲಿನಿಂದ ಇದೆ, ಹೊರದೇಶದಲ್ಲಿ ಎಸ್ಪ್ರೆಸೊ ಮಾಡುವವರು ಕೇಳಿ ಕೊಳ್ಳುತ್ತಾರೆ. ಕೋಕೋ, ಹುರಿದ ಕಡಲೆಕಾಯಿ, ಬಾಯಿ ತುಂಬುವ ಗಟ್ಟಿತನ ಅದರ ಗುಣ. ರೋಬಸ್ಟಾಕ್ಕೆ ಕೆಟ್ಟ ಹೆಸರು ಬಂದದ್ದು ಹೆಚ್ಚಾಗಿ ಕೈಗೆ ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಎಳೆದು ಕುಯ್ದು, ಹೇಗೋ ಒಣಗಿಸಿದ್ದರಿಂದ. ನಿಮ್ಮ ಮನೆಯ ಬೆಲ್ಲದ ಕಾಫಿಯನ್ನೇ ಆರಿಸಿದ ಹಣ್ಣಿನಲ್ಲಿ ಮಾಡಿ ನೋಡಿ. ಹಾಲಿಲ್ಲದ ಕಾಫಿಯ ರುಚಿ ನಿಮಗೆ ಹೊಸದಲ್ಲವಲ್ಲ. ಈ ವಿಷಯದಲ್ಲಿ ನೀವು ನಮ್ಮ ಪೇಟೆಯವರಿಗಿಂತ ಮುಂದಿದ್ದೀರಿ.

ಪ್ರಶ್ನೆ: ಇಲ್ಲಿ ಇಥಿಯೋಪಿಯಾ, ಕೀನ್ಯಾ ಕಾಫಿ ಸುಲಭವಾಗಿ ಸಿಗುತ್ತೆ. ಊರಿಂದ ತಂದ ಚಿಕ್ಕಮಗಳೂರು ಅರೇಬಿಕಾ ಅದರ ಮುಂದೆ ಸಪ್ಪೆ ಅನ್ಸುತ್ತೆ. ಬೇಜಾರಾಗುತ್ತೆ.
ಸಾಫ್ಟ್‌ವೇರ್ ಉದ್ಯೋಗಿ, ಮೆಲ್ಬರ್ನ್

ಉತ್ತರ: ಬೇಜಾರು ಬೇಡ. ಇಥಿಯೋಪಿಯಾದ ಯಿರ್ಗಾಚೆಫೆ ಕಾಫಿಯಲ್ಲಿ ಮಲ್ಲಿಗೆ, ನಿಂಬೆ ಎದ್ದು ಬರುತ್ತದೆ. ಕೀನ್ಯಾದ್ದು ಚುರುಕು ಹುಳಿ. ನಮ್ಮದು ಮರದ ನೆರಳಿನಲ್ಲಿ, ಮೆಣಸಿನ ಬಳ್ಳಿಗಳ ನಡುವೆ ಬೆಳೆದದ್ದು. ತಳಿಯೂ ಬೇರೆ. ನಮ್ಮ ಹಳೆಯ ತೋಟಗಳಲ್ಲಿ ಹೆಚ್ಚಾಗಿ ಇರುವ ಎಸ್ 795 ನಮ್ಮ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ 1940ರ ದಶಕದಲ್ಲಿ ಬಂದ ತಳಿ. ಎಸ್ 288 ಮತ್ತು ಕೆಂಟ್ ತಳಿಗಳನ್ನು ಕೂಡಿಸಿ ಮಾಡಿದ್ದು. ಅದರಲ್ಲಿ ಹುಳಿ ಮೆತ್ತಗೆ, ಸಿಹಿ ಆಳ, ಕೊನೆಗೆ ಏಲಕ್ಕಿ, ಲವಂಗದಂಥ ಒಂದು ಎಳೆ. ಕೀನ್ಯಾ ಕುಡಿದ ಕೂಡಲೇ ಇದನ್ನು ಕುಡಿದರೆ ಸಪ್ಪೆ ಅನ್ನಿಸುವುದು ಸಹಜ. ಮೊದಲು ನಮ್ಮದು ಕುಡಿಯಿರಿ, ಆಮೇಲೆ ಅದು. ಇಲ್ಲವೇ ಬ್ರೆಜಿಲ್ ಕಾಫಿಯ ಪಕ್ಕ ಇಟ್ಟು ನೋಡಿ, ನಮ್ಮ ಕಾಫಿಯಲ್ಲಿರುವ ಮಸಾಲೆಯ ಪರಿಮಳ ಆಗ ಗೊತ್ತಾಗುತ್ತದೆ. ಯಿರ್ಗಾಚೆಫೆ ನನಗೂ ಬಹಳ ಇಷ್ಟ. ಹಾಗಂತ ಎಸ್ 795 ಬಿಡಲಾರೆ.

ಪ್ರಶ್ನೆ: ಇಷ್ಟು ದುಡ್ಡು ಕೊಟ್ಟು ತಂದದ್ದು ಕೆಡದ ಹಾಗೆ ಫ್ರಿಜ್‌ನಲ್ಲಿ ಇಡಬಹುದಾ? ಹಾಲು ಹಾಕಿದರೆ ಹಾಳಾಗುತ್ತಾ?
ಗೃಹಿಣಿ, ತುಮಕೂರು

ಉತ್ತರ: ಫ್ರಿಜ್ ಬೇಡ. ತೆಗೆದು ಇಡುವಾಗ ಪುಡಿಯ ಮೇಲೆ ತೇವ ಕೂರುತ್ತದೆ, ಒಗ್ಗರಣೆ ಪಲ್ಯದ ವಾಸನೆಯೂ ಸೇರುತ್ತದೆ. ಗಾಳಿಯಾಡದ ಡಬ್ಬದಲ್ಲಿ, ಬಿಸಿಲು ಬೀಳದ ಕಡೆ ಇಡಿ. ಪ್ಯಾಕೆಟ್ ಮೇಲೆ ಹುರಿದ ತಾರೀಖು ನೋಡಿ ತನ್ನಿ. ಹುರಿದು ನಾಲ್ಕೈದು ದಿನ ಆದ ಮೇಲೆ ಶುರು ಮಾಡಿ, ಒಂದು ತಿಂಗಳೊಳಗೆ ಮುಗಿಸಿ. ಕಪ್ಪಿಗೆ 15 ಗ್ರಾಂ ಹಾಕಿದರೆ 250 ಗ್ರಾಂನಲ್ಲಿ 16 ಕಪ್ ಆಗುತ್ತದೆ. ಅದಕ್ಕಿಂತ ಹೆಚ್ಚು ಒಮ್ಮೆಲೇ ತರಬೇಡಿ.

ದುಡ್ಡು ಖರ್ಚು ಮಾಡುವುದಿದ್ದರೆ ಚೆಂದದ ಗಾಜಿನ ಸಾಮಾನಿಗಿಂತ ಮೊದಲು ಒಂದು ಕೈ ಗ್ರೈಂಡರ್ ತಗೊಳ್ಳಿ. ಪುಡಿ ಮಾಡಿದ ಕಾಫಿಯ ಪರಿಮಳ ಬೇಗ ಹಾರಿ ಹೋಗುತ್ತದೆ. ಹಾಲು ಧಾರಾಳವಾಗಿ ಹಾಕಿ. ಆದರೆ ಮಧ್ಯಮ ಅಥವಾ ಕಡು ಹುರಿದದ್ದನ್ನು ಆರಿಸಿ, ಫಿಲ್ಟರಿಗೆ ಬೇಕು ಎಂದು ಹೇಳಿ ಬೀಸಿಸಿಕೊಳ್ಳಿ. ಹಾಲು ಬೆರೆಸುವ ಮೊದಲು ಒಂದು ಚಮಚ ಡಿಕಾಕ್ಷನ್‌ಗೆ ಸ್ವಲ್ಪ ಬಿಸಿನೀರು ಸೇರಿಸಿ ಹಾಗೇ ಕುಡಿದು ನೋಡಿ. ಉಳಿದದ್ದಕ್ಕೆ ನಿಮ್ಮ ರೂಢಿಯ ಹಾಲು, ಸಕ್ಕರೆ.