ಎರಡು ಭಾಷೆಯ ಮನೆಯಲ್ಲಿ ಮಾತು ಕಡಿಮೆ ಆಡುವ ಮಗು

ಪ್ರಶ್ನೆ: ನನ್ನ ಮಗನಿಗೆ ಎರಡು ವರ್ಷ ಮೂರು ತಿಂಗಳು. ನಾವು ಹೇಳಿದ್ದು ಅವನಿಗೆ ತಿಳಿಯುತ್ತದೆ, ಆದರೆ ಅವನು ಆಡುವ ಪದಗಳು ಇಪ್ಪತ್ತನ್ನು ದಾಟಿಲ್ಲ. ಎರಡು ಪದಗಳನ್ನು ಕೂಡಿಸಿ ಹೇಳುವುದೂ ಇಲ್ಲ. ನಾನು ಮತ್ತು ನನ್ನ ಪತಿ ಕನ್ನಡದಲ್ಲಿ, ಅತ್ತೆಯವರು ತುಳುವಿನಲ್ಲಿ ಅವನೊಡನೆ ಮಾತನಾಡುತ್ತೇವೆ. ಒಂದು ಭಾಷೆಯನ್ನು ಬಿಡಿ ಎಂದು ನೆರೆಯವರು ಹೇಳುತ್ತಾರೆ. ಗಂಡುಮಕ್ಕಳಿಗೆ ಮಾತು ತಡವೇ ಎನ್ನುತ್ತಾರೆ ಅತ್ತೆ. ಊಟ ಮಾಡಿಸುವಾಗ ಮೊಬೈಲ್ ಕೊಡುವ ರೂಢಿಯಾಗಿದೆ. ಏನು ಮಾಡಲಿ?
– ಒಬ್ಬ ತಾಯಿ, ಪುತ್ತೂರು

ಉತ್ತರ: ಮೊದಲಿಗೆ, ಅತ್ತೆಯವರ ತುಳುವನ್ನು ದಯವಿಟ್ಟು ನಿಲ್ಲಿಸಬೇಡಿ. ಎರಡು ಭಾಷೆಗಳನ್ನು ಕೇಳಿ ಬೆಳೆಯುವುದರಿಂದ ಮಾತು ತಡವಾಗುವುದಿಲ್ಲ. ಅಂತಹ ಮಗುವಿನ ಪದಗಳನ್ನು ಎಣಿಸುವಾಗ ಎರಡೂ ಭಾಷೆಗಳ ಪದಗಳನ್ನು ಒಟ್ಟಿಗೆ ಸೇರಿಸಬೇಕು. ನೀವು ಕನ್ನಡದ ಪದಗಳನ್ನಷ್ಟೇ ಎಣಿಸಿದ್ದರೆ ಅಜ್ಜಿಯೊಡನೆ ಆಡುವ ಪದಗಳು ಲೆಕ್ಕಕ್ಕೇ ಬಂದಿರುವುದಿಲ್ಲ.

ಬದಲಾಗಬೇಕಾದದ್ದು ಊಟದ ಹೊತ್ತಿನ ಮೊಬೈಲ್. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ ಎರಡು ವರ್ಷದ ಮಗು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕೂರಬಾರದು, ಅದಕ್ಕೂ ಕಡಿಮೆಯಿದ್ದಷ್ಟು ಒಳ್ಳೆಯದು. ಕಣ್ಣಿನ ಚಿಂತೆಗಿಂತ ದೊಡ್ಡ ಚಿಂತೆ ಇಲ್ಲೊಂದಿದೆ: ವಿಡಿಯೊ ಎಷ್ಟು ಮಾತನಾಡಿದರೂ ಮಗುವಿನ ಉತ್ತರಕ್ಕಾಗಿ ಕಾಯುವುದಿಲ್ಲ, ಆದರೆ ಮಾತು ಕುದುರುವುದು ಒಬ್ಬರು ಆಡಿ, ಇನ್ನೊಬ್ಬರು ಕೇಳಿ, ಮತ್ತೆ ಆಡುವ ಸರದಿಯಲ್ಲಿ.

ಆದ್ದರಿಂದ ನೀವು ಮಾತನಾಡಿ, ಆಮೇಲೆ ಸುಮ್ಮನಿರಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಆ ಮೌನ ನಮಗೆ ದೀರ್ಘವೆನಿಸುತ್ತದೆ, ಮಗುವಿಗೆ ಮಾತ್ರ ಪದವನ್ನು ಹುಡುಕಿಕೊಳ್ಳಲು ಅಷ್ಟು ಹೊತ್ತು ಬೇಕು. ಅವನು ನೋಟದಿಂದಲೋ ಬೆರಳಿನಿಂದಲೋ ಉತ್ತರಿಸಿದರೆ ಅದನ್ನೂ ಮಾತೆಂದೇ ಸ್ವೀಕರಿಸಿ. 'ಹಾಲು' ಎಂದರೆ 'ಹಾಲು ಬೇಕಾ? ಬಿಸಿ ಹಾಲು' ಎಂದು ಅವನ ಪದಕ್ಕೆ ಇನ್ನೊಂದನ್ನು ಸೇರಿಸಿ ಹೇಳಿ. ಎರಡು ಪದ ಕೂಡಿಸುವ ದಾರಿ ಅವನಿಗೆ ಕಾಣುವುದು ಹೀಗೆ. 'ರೊಟ್ಟಿ'ಯನ್ನು 'ಲೊಟ್ಟಿ' ಎಂದರೆ ತಿದ್ದದೆ, ನೀವು ಸರಿಯಾಗಿ ಒಮ್ಮೆ ಹೇಳಿದರೆ ಸಾಕು, ಏಕೆಂದರೆ ರಕಾರ ತಡವಾಗಿಯೇ ನಾಲಿಗೆಗೆ ಬರುತ್ತದೆ. ನೆಂಟರ ಮುಂದೆ 'ಇದೇನು, ಹೇಳು' ಎಂದು ಒತ್ತಾಯಿಸುವುದನ್ನಂತೂ ಬಿಟ್ಟುಬಿಡಿ. ಅದು ಪರೀಕ್ಷೆಯಾಗುತ್ತದೆಯೇ ಹೊರತು ಸಂಭಾಷಣೆಯಾಗುವುದಿಲ್ಲ.

ಇದಕ್ಕೆ ಬೇರೆ ಸಮಯವಾಗಲಿ, ದುಬಾರಿ ಆಟಿಕೆಯಾಗಲಿ ಬೇಡ. ಅಜ್ಜಿ ಹಲಸಿನ ತೊಳೆ ಬಿಡಿಸುವಾಗ ಬೀಜವನ್ನು ಪಾತ್ರೆಗೆ ಹಾಕುವ ಕೆಲಸ ಅವನದಾಗಲಿ, ಅವರು ತಮ್ಮ ತುಳುವಿನಲ್ಲೇ ಮಾಡುತ್ತಿರುವುದನ್ನೆಲ್ಲ ಹೇಳುತ್ತಿರಲಿ. ಕುಕ್ಕರ್ ಕೂಗಿದಾಗ, ಹೆಂಚಿನ ಮೇಲೆ ಮಳೆ ಸುರಿದಾಗ 'ಏನು ಸದ್ದು?' ಎಂದು ಇಬ್ಬರೂ ಕಿವಿಗೊಡಿ. ಯಾರೂ ನೋಡದಿದ್ದರೂ ಹಚ್ಚಿಟ್ಟಿರುವ ಟಿವಿಯನ್ನು ಆರಿಸಿ.

ಆದರೆ ಗಂಡುಮಗು ಎಂಬ ಸಮಾಧಾನದಲ್ಲಿ ಕಾಯುವುದನ್ನು ನಾನು ಒಪ್ಪಲಾರೆ. ಗಂಡುಮಕ್ಕಳಲ್ಲಿ ಮಾತು ತುಸು ನಿಧಾನವಾಗುವುದುಂಟು. ಹಾಗಿದ್ದರೂ ಎರಡು ವರ್ಷಕ್ಕೆ ಸುಮಾರು ಐವತ್ತು ಪದಗಳೂ ಎರಡು ಪದಗಳ ಜೋಡಣೆಯೂ ಬಂದಿರದಿದ್ದರೆ ಒಮ್ಮೆ ತೋರಿಸಬೇಕು. ಮೊದಲು ಶ್ರವಣ ಪರೀಕ್ಷೆಯಾಗಲಿ: ನೆಗಡಿಯ ನಂತರ ಮಧ್ಯಕಿವಿಯಲ್ಲಿ ದ್ರವ ನಿಂತರೆ ಮಗು ಕರೆದಾಗ ತಿರುಗುತ್ತದೆ, ಆದರೂ ಮಾತಿನ ಸೂಕ್ಷ್ಮ ಧ್ವನಿಗಳು ಮಸುಕಾಗಿ ಕೇಳುತ್ತವೆ. ಹೆಸರು ಕರೆದರೆ ತಿರುಗದಿರುವುದು, ಬೇಕಾದದ್ದನ್ನು ಬೆರಳಿನಿಂದ ತೋರಿಸದಿರುವುದು, ಬಂದ ಪದಗಳು ಮರೆಯಾಗುವುದು ಕಂಡುಬಂದರೆ ಒಂದು ದಿನವೂ ತಡಮಾಡಬೇಡಿ. ಅಂಗನವಾಡಿಯ ಮೂಲಕ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವನ್ನು ಕಾಣಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಮತ್ತು ಶ್ರವಣ ಎರಡರ ತಪಾಸಣೆಯೂ ನಡೆಯುತ್ತದೆ. ಹೋಗುವಾಗ ಮಗ ಆಡುವ ಪದಗಳನ್ನು ಒಂದು ವಾರ ಬರೆದಿಟ್ಟುಕೊಂಡು ಒಯ್ಯಿರಿ. ತುಳುವಿನ ಪದಗಳನ್ನು ಅತ್ತೆಯವರನ್ನು ಕೇಳಿ ಬರೆದುಕೊಳ್ಳಿ.